ಮಯೂರ್ ವಿಹಾರಕ್ಕೆ ಸುರಿದ ಅರಬ್ಬೀ ಸಮುದ್ರ

ಪ್ರಶ್ನೆ: ದೆಹಲಿಯ ಮಯೂರ್ ವಿಹಾರದಲ್ಲಿದ್ದೇನೆ. ಕಡಲು ನೋಡಬೇಕೆಂದರೆ ರಜೆ ಹಾಕಿ ಊರಿಗೇ ಬರಬೇಕು. ಸಮುದ್ರದ ಮೇಲೆ ವರ್ಷವಿಡೀ ಕಣ್ಣಿಡುವುದರಿಂದ ನಮ್ಮಂಥವರಿಗೇನು ಪ್ರಯೋಜನ?

ಉತ್ತರ: 2021ರ ಮೇ 19 ನೆನಪಿದೆಯೇ? ಲೂ ಎಂಬ ಬಿಸಿಗಾಳಿ ಬೀಸಬೇಕಾದ ಕಾಲದಲ್ಲಿ ಅಂದು ದೆಹಲಿಯ ಗರಿಷ್ಠ ಉಷ್ಣಾಂಶ 23.8 ಡಿಗ್ರಿ ದಾಟಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ ಲೆಕ್ಕ ಹಾಕಿದಾಗ 24 ಗಂಟೆಯಲ್ಲಿ 119.3 ಮಿ.ಮೀ. ಮಳೆ! ಮೇ ತಿಂಗಳಲ್ಲಿ ಅದುವರೆಗೆ ಕಾಣದಷ್ಟು. ಕಾರಣ ತೌಕ್ತೆ ಚಂಡಮಾರುತ. ನಮ್ಮ ಕರಾವಳಿಯ ಮನೆ, ರಸ್ತೆಗಳನ್ನು ಕಡಲಿಗೆಳೆದು, 17ರ ರಾತ್ರಿ ಗುಜರಾತಿನಲ್ಲಿ ದಡ ಹತ್ತಿತು. ಅದು ಹೊತ್ತು ತಂದ ತೇವ, ಪಶ್ಚಿಮದಿಂದ ಬಂದಿದ್ದ ಇನ್ನೊಂದು ಗಾಳಿಯ ಸುಳಿಯೊಡನೆ ಸೇರಿ ನಿಮ್ಮ ಬಾಲ್ಕನಿಯ ಮೇಲೆ ಸುರಿಯಿತು.

ಚಂಡಮಾರುತಕ್ಕೆ ಮೇವು ಬಿಸಿನೀರು. ಮೇಲಿನ ತೆಳು ಪದರವಷ್ಟೇ ಬಿಸಿಯಾಗಿದ್ದರೆ ಗಾಳಿ ಕಡೆದು ಕಡೆದು ಕೆಳಗಿನ ತಣ್ಣೀರನ್ನು ಮೇಲೆ ತರುತ್ತದೆ, ಬಿರುಗಾಳಿ ಸೊರಗುತ್ತದೆ. ಬಿಸಿ ಆಳಕ್ಕೂ ಇಳಿದಿದ್ದರೆ ಅದು ಬಲಿಯುತ್ತಲೇ ಹೋಗುತ್ತದೆ. ಉಪಗ್ರಹಕ್ಕೆ ಕಾಣುವುದು ಕಡಲಿನ ಚರ್ಮ ಮಾತ್ರ. ಒಳಗಿನ ಜ್ವರ ತಿಳಿಯಲು ನೀರಿಗೇ ಇಳಿಯಬೇಕು.

ಇಳಿಯುವುದು ಆರ್ಗೋ ಎಂಬ ತೇಲುಯಂತ್ರ. ಆಳೆತ್ತರದ ಕೊಳವೆ, ಬುಡದಲ್ಲೊಂದು ರಬ್ಬರ್ ಚೀಲ. ಚೀಲದ ಎಣ್ಣೆಯನ್ನು ಒಳಗೆಳೆದುಕೊಂಡರೆ ಮುಳುಗುತ್ತದೆ, ಹೊರಗೆ ತಳ್ಳಿದರೆ ಏಳುತ್ತದೆ. ಸಾವಿರ ಮೀಟರ್ ಆಳದ ಕತ್ತಲಲ್ಲಿ ಒಂಬತ್ತು ದಿನ ತೇಲಿ, ಎರಡು ಸಾವಿರ ಮೀಟರಿಗೆ ಇಳಿದು, ಮೇಲೇರುತ್ತ ಬಿಸಿಯನ್ನೂ ಉಪ್ಪನ್ನೂ ಅಳೆದು, ಉಪಗ್ರಹಕ್ಕೆ ವರದಿ ಒಪ್ಪಿಸಿ ಮತ್ತೆ ಮುಳುಗುತ್ತದೆ. ಮಳೆಗಾಲದಲ್ಲಿ ಮಲ್ಪೆಯ ದೋಣಿಗಳೆಲ್ಲ ದಡದಲ್ಲಿರುವಾಗಲೂ ಈ ಕೆಲಸ ನಿಲ್ಲುವುದಿಲ್ಲ. ಜಗತ್ತಿನ ಕಡಲುಗಳಲ್ಲಿ ಇಂಥವು ಸುಮಾರು 4000 ಇವೆ. ಅಷ್ಟು ನೀರಿಗೆ ಇಷ್ಟೇ! ಖರ್ಚು ಹೆಚ್ಚಾಯಿತೆಂದು ನನಗಂತೂ ಅನ್ನಿಸುವುದಿಲ್ಲ.

ನಮ್ಮ ದೇಶದ ಪರವಾಗಿ ಈ ಲೆಕ್ಕ ನೋಡುವುದು ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ. 2004ರ ಡಿಸೆಂಬರ್ 26ರಂದು ಸುನಾಮಿ ಬಂದಾಗ ಹಿಂದೂ ಮಹಾಸಾಗರಕ್ಕೆ ಮುನ್ನೆಚ್ಚರಿಕೆ ವ್ಯವಸ್ಥೆಯೇ ಇರಲಿಲ್ಲ. ಅಲೆ ನಮ್ಮ ಪೂರ್ವ ಕರಾವಳಿ ಮುಟ್ಟಲು ಸುಮಾರು ಎರಡು ಗಂಟೆ ಹಿಡಿದಿತ್ತು. ಆ ಎರಡು ಗಂಟೆ ವ್ಯರ್ಥವಾಯಿತು. ಅದನ್ನು ಮರೆಯಲು ನನ್ನಿಂದಾಗಿಲ್ಲ. ಇನ್‌ಕಾಯಿಸ್‌ನಲ್ಲಿ ಸುನಾಮಿ ಎಚ್ಚರಿಕೆ ಕೇಂದ್ರ ಶುರುವಾದದ್ದು 2007ರಲ್ಲಿ. ತೌಕ್ತೆಯ ಹೊತ್ತಿಗೆ, ಆಳಸಮುದ್ರಕ್ಕೆ ಹೋದವರು ಮರಳಬೇಕೆಂಬ ಸೂಚನೆ ಗಾಳಿ ಏಳುವ ಮೊದಲೇ ಹೊರಟಿತ್ತು.

ಲೋಧಿ ಎಸ್ಟೇಟಿನ ದೆಹಲಿ ಕನ್ನಡ ಶಾಲೆಯ ಕಡೆ ಹೋದಾಗ ಹಾಗೇ ಲೋಧಿ ರಸ್ತೆಗೂ ಬನ್ನಿ. ಅಲ್ಲಿ ಹವಾಮಾನ ಇಲಾಖೆಯ ಮೌಸಮ್ ಭವನವಿದೆ. ಈ ವರ್ಷ ದೆಹಲಿಗೆ ಮುಂಗಾರು ಹೇಗೆ ಎಂದು ಅಲ್ಲಿಯವರು ಹೇಳುವಾಗ ಕಡಲಿನ ಬಿಸಿಯನ್ನೂ ನೋಡಿರುತ್ತಾರೆ.