ಮೂರು ಚಪ್ಪಾಳೆ: ಒಂದು ಭಯಾನಕ ಚಿತ್ರದ ಟ್ರೇಲರ್‌ನಿಂದ ಶಬ್ದದ ಪಾಠಕ್ಕೆ

ತರಗತಿ: 9   ವಿಷಯ: ವಿಜ್ಞಾನ   ಘಟಕ: ಶಬ್ದ   ಅವಧಿ: 40 ನಿಮಿಷ

ಬೋಧನಾಭ್ಯಾಸಕ್ಕೆ ಶಾಲೆಗೆ ಹೋಗುವ ಮೊದಲು ಸಹಪಾಠಿಗಳ ಮುಂದೆ ಪೀಠಿಕಾ ಕೌಶಲದ ಸೂಕ್ಷ್ಮ ಬೋಧನೆ ಮಾಡಬೇಕಿತ್ತು. ನಾನು ಸ್ಟೀಲ್ ಲೋಟಕ್ಕೆ ಚಮಚದಿಂದ ಹೊಡೆದು "ಏನು ಕೇಳಿಸಿತು?" ಎಂದೆ. "ಶಬ್ದ" ಎಂದರು. "ಹಾಗಾದರೆ ಇಂದು ನಾವು ಶಬ್ದದ ಬಗ್ಗೆ ಕಲಿಯೋಣ" ಎಂದು ಕಪ್ಪುಹಲಗೆಯ ಮೇಲೆ ಶೀರ್ಷಿಕೆ ಬರೆದೆ. ಮಾರ್ಗದರ್ಶಕ ಮೇಡಂ ಅವಲೋಕನ ಪಟ್ಟಿಯಲ್ಲಿ ಬರೆದದ್ದು ಒಂದೇ ಸಾಲು: "ಪ್ರಶ್ನೆ ಕೇಳಿದಿರಿ, ಕುತೂಹಲ ಹುಟ್ಟಲಿಲ್ಲ."

ಅದೇ ವಾರ ಹಾಸ್ಟೆಲ್‌ನಲ್ಲಿ ಗೆಳತಿಯರು ಒಂದು ಟ್ರೇಲರ್ ಹಾಕಿದ್ದರು. ಜೇಮ್ಸ್ ವಾನ್ ನಿರ್ದೇಶನದ, 2013ರ 'ದಿ ಕಾಂಜ್ಯುರಿಂಗ್' ಚಿತ್ರದ್ದು. ದೆವ್ವದ ಚಿತ್ರಗಳೆಂದರೆ ನನಗೆ ಆಗುವುದಿಲ್ಲ, ಆದರೂ ಎದ್ದು ಹೋಗಲಾಗಲಿಲ್ಲ. ಏಕೆ ಆಗಲಿಲ್ಲ ಎಂದು ಮರುದಿನ ಮತ್ತೆ ನೋಡಿದೆ, ಈ ಬಾರಿ ಹಗಲು ಹೊತ್ತಿನಲ್ಲಿ, ನೋಟ್ ಪುಸ್ತಕ ಹಿಡಿದು.

ಅಲ್ಲಿ ಮೊದಲು ಬರುವುದು ದೆವ್ವವಲ್ಲ, ಒಂದು ಆಟದ ನಿಯಮ. ತಾಯಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಗಳನ್ನು ಹುಡುಕಬೇಕು. ಅಡಗಿದವರು ಚಪ್ಪಾಳೆ ತಟ್ಟಿ ಸುಳಿವು ಕೊಡಬೇಕು, ಮೂರು ಬಾರಿ. ನಮ್ಮ ಕಣ್ಣಾಮುಚ್ಚಾಲೆಯ ಹಾಗೆಯೇ. ತಾಯಿ ಶಬ್ದ ಹಿಡಿದು ಒಂದು ಕೋಣೆಗೆ ಹೋಗುತ್ತಾಳೆ, ಬೀರುವಿನಿಂದ ಚಪ್ಪಾಳೆ ಕೇಳುತ್ತದೆ. ಆದರೆ ಮಗಳು ಆ ಕೋಣೆಯಲ್ಲೇ ಇರಲಿಲ್ಲ. ಇಷ್ಟಾದ ಮೇಲೆ ಪಾತ್ರಗಳಿಗೆ ಏನನ್ನೂ ವಿವರಿಸಬೇಕಾಗಿಲ್ಲ. ನಿಯಮ ನಮಗೆ ಗೊತ್ತು, ಅದು ಮುರಿದಿದ್ದೂ ಗೊತ್ತು. ಕೊನೆಗೆ ನೆಲಮಾಳಿಗೆಯ ಕತ್ತಲಲ್ಲಿ ತಾಯಿ ಬೆಂಕಿಕಡ್ಡಿ ಗೀರಿದಾಗ ನಾವು ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ತೆರೆದಿರುತ್ತೇವೆ. ಅವಳ ಬೆನ್ನ ಹಿಂದಿನ ಕತ್ತಲಿನಿಂದ ಎರಡು ಕೈಗಳು ಬಂದು ಚಪ್ಪಾಳೆ ತಟ್ಟುತ್ತವೆ. ಮುಖವಿಲ್ಲ, ಬರೀ ಕೈ.

ಸ್ಟಾನ್ಲಿ ಕುಬ್ರಿಕ್ ಅವರ 'ದಿ ಶೈನಿಂಗ್' (1980) ಚಿತ್ರದ ಮೊದಲ ಟ್ರೇಲರ್ ಇನ್ನೂ ಜಿಪುಣತನದ್ದು. ಕ್ಯಾಮೆರಾ ಅಲುಗಾಡುವುದೇ ಇಲ್ಲ. ಲಿಫ್ಟ್ ಬಾಗಿಲು, ಮೇಲೇರುವ ಅಕ್ಷರಗಳು, ಏರುತ್ತಾ ಹೋಗುವ ಸಂಗೀತ, ಕೊನೆಗೆ ರಕ್ತದ ಪ್ರವಾಹ. ಕಥೆ ಏನೆಂದು ಒಂದು ಮಾತೂ ಹೇಳುವುದಿಲ್ಲ. ನನಗೆ ಮೊದಲನೆಯದೇ ಹೆಚ್ಚು ಉಪಯುಕ್ತವೆನಿಸಿತು, ಏಕೆಂದರೆ ಅದು ನೋಡುಗನ ಕೈಗೆ ಒಂದು ನಿಯಮ ಕೊಟ್ಟು, ಉತ್ತರವನ್ನು ತಾನೇ ಇಟ್ಟುಕೊಳ್ಳುತ್ತದೆ. ನನ್ನ ಲೋಟ–ಚಮಚದ ಪೀಠಿಕೆಯಲ್ಲಿ ನಿಯಮವೇ ಇರಲಿಲ್ಲ, ಉತ್ತರವನ್ನೋ ನಾನೇ ಹಲಗೆಯ ಮೇಲೆ ಬರೆದಿದ್ದೆ.

ಟ್ರೇಲರ್‌ನ ಶಬ್ದವನ್ನು ಲ್ಯಾಪ್‌ಟಾಪ್‌ನಲ್ಲಿ ಹಾಕಿ, ಮೊಬೈಲ್‌ನ ಫೈಫಾಕ್ಸ್ ಆ್ಯಪ್‌ನಲ್ಲಿ ಅದರ ನಕ್ಷೆ ನೋಡಿದೆ. ಮೊಬೈಲ್ ಮೈಕ್ ಸರಿಹೊಂದಿಸಿದ್ದಲ್ಲ, ಆದ್ದರಿಂದ ಡೆಸಿಬೆಲ್ ಅಂಕಿಗಳನ್ನು ನಾನು ನಂಬಲಿಲ್ಲ. ಆಕಾರ ಮಾತ್ರ ನೋಡಿದೆ. ಬೆಚ್ಚಿಬೀಳುವ ಜಾಗಕ್ಕೆ ಮುಂಚೆ ರೇಖೆ ಬಹುತೇಕ ಮಲಗಿರುತ್ತದೆ, ಆಮೇಲೆ ಗೋಡೆಯಂತೆ ನಿಲ್ಲುತ್ತದೆ. ಪಾರ, ಅಂದರೆ ಕಂಪನದ ವಿಸ್ತಾರ, ಹೆಚ್ಚಿದಷ್ಟೂ ಶಬ್ದ ಗಟ್ಟಿಯಾಗುತ್ತದೆ ಎಂಬುದು ಪುಸ್ತಕದಲ್ಲಿದೆ. ಆದರೆ ಬೆಚ್ಚಿಸುವುದು ಗಟ್ಟಿತನವೊಂದೇ ಅಲ್ಲ, ಅದಕ್ಕೆ ಮುಂಚಿನ ಮೌನ ಕೂಡ. ಮೌನದಲ್ಲಿ ಕಿವಿ ಚಿಕ್ಕ ಸದ್ದಿಗೂ ಕಾಯುತ್ತಿರುತ್ತದೆ.

ಇದನ್ನೆಲ್ಲ ಸಹಪಾಠಿಗಳ ಮುಂದೆ ಪಾಠ ಮಾಡಿದಾಗ ಒಳ್ಳೆಯ ಚರ್ಚೆಯಾಯಿತು. ಮೇಡಂ ಮಾತ್ರ ಕೊನೆಯಲ್ಲಿ ಕೇಳಿದರು, "ಇದನ್ನು ಒಂಬತ್ತನೇ ತರಗತಿಗೆ ತೋರಿಸ್ತೀರಾ?" ಅಮೆರಿಕದಲ್ಲಿ ಈ ಚಿತ್ರಕ್ಕೆ 'ಆರ್' ದರ್ಜೆ, 17 ವರ್ಷದೊಳಗಿನವರು ದೊಡ್ಡವರ ಜೊತೆಯಿಲ್ಲದೆ ನೋಡುವಂತಿಲ್ಲ. ನಮ್ಮ ಮಕ್ಕಳು 14ರವರು. "ಅವರು ಮೊಬೈಲ್‌ನಲ್ಲಿ ನೋಡಿಯೇ ಇರ್ತಾರೆ ಮೇಡಂ" ಎಂದೆ. "ನೋಡಿರಬಹುದು. ನೀವು ತೋರಿಸೋದು ಬೇರೆ" ಎಂದರು. ಆ ರಾತ್ರಿ ಪಾಠಯೋಜನೆಯಿಂದ ಟ್ರೇಲರ್ ತೆಗೆದು, ಆಟವನ್ನು ಮಾತ್ರ ಉಳಿಸಿಕೊಂಡೆ.

ತರಗತಿಯಲ್ಲಿ ಆದದ್ದು ಹೀಗೆ. ನಡುವೆ ಒಂದು ಕುರ್ಚಿ, ಅದರಲ್ಲಿ ಕಣ್ಣುಕಟ್ಟಿದ ಒಬ್ಬ ವಿದ್ಯಾರ್ಥಿ. ಮುಂದೆ, ಹಿಂದೆ, ಎಡಕ್ಕೆ, ಬಲಕ್ಕೆ ಒಬ್ಬೊಬ್ಬರು. ನಾನು ಕಣ್ಸನ್ನೆ ಮಾಡಿದವರು ಮೂರು ಚಪ್ಪಾಳೆ ತಟ್ಟಬೇಕು, ಕುರ್ಚಿಯಲ್ಲಿದ್ದವರು ತಲೆ ಅಲುಗಿಸದೆ ಬೆರಳು ತೋರಿಸಬೇಕು. ಹಲಗೆಯ ಮೇಲೆ ಶೀರ್ಷಿಕೆ ಬರೆಯಲಿಲ್ಲ. ಎರಡು ನಿಮಿಷದಲ್ಲಿ ಇಡೀ ತರಗತಿ ಉಸಿರು ಬಿಗಿಹಿಡಿದಿತ್ತು. ಎಡ–ಬಲ ಬಹುಮಟ್ಟಿಗೆ ಸರಿ ಬರುತ್ತಿತ್ತು, ಮುಂದೆ–ಹಿಂದೆ ತಪ್ಪುತ್ತಿತ್ತು. "ಯಾಕೆ ಮಿಸ್?" ಎಂಬ ಪ್ರಶ್ನೆ ಮಕ್ಕಳಿಂದಲೇ ಬಂತು.

ಆಗ ಲೆಕ್ಕ ಹಾಕಿದೆವು. ಎರಡು ಕಿವಿಗಳ ನಡುವೆ ಸುಮಾರು 20 ಸೆಂಟಿಮೀಟರ್. ಗಾಳಿಯಲ್ಲಿ 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. 0.2 ಅನ್ನು 344ರಿಂದ ಭಾಗಿಸಿದರೆ ಸುಮಾರು 0.0006 ಸೆಕೆಂಡ್. ಬಲಗಡೆಯ ಚಪ್ಪಾಳೆ ಬಲಗಿವಿಗೆ ಇಷ್ಟು ಮೊದಲು ತಲಪುತ್ತದೆ. ತಲೆ ಅಡ್ಡ ಬರುವುದರಿಂದ ಎಡಗಿವಿಗೆ ಸ್ವಲ್ಪ ಕ್ಷೀಣವಾಗಿಯೂ ತಲಪುತ್ತದೆ. ಮಿದುಳು ಈ ಅಂತರದಿಂದಲೇ ದಿಕ್ಕು ಹೇಳುತ್ತದೆ. ನೇರ ಮುಂದಿನ ಮತ್ತು ನೇರ ಹಿಂದಿನ ಚಪ್ಪಾಳೆ ಎರಡೂ ಕಿವಿಗೆ ಒಟ್ಟಿಗೇ ತಲಪುತ್ತವೆ, ಹಾಗಾಗಿ ಗೊಂದಲ. ಟ್ರೇಲರ್‌ನ ಕೈಗಳು ಬೆನ್ನ ಹಿಂದಿನಿಂದಲೇ ಬಂದದ್ದು ನನಗೆ ಆಗ ನೆನಪಾಯಿತು, ಹೇಳಲಿಲ್ಲ.

ಇಲ್ಲಿಯವರೆಗೆ ಪಾಠ ಚೆನ್ನಾಗಿತ್ತು. ಆಮೇಲೆ ಒಬ್ಬ ಹುಡುಗಿ ಕುರ್ಚಿಗೆ ಬಂದಳು. ಬಲಗಡೆಯ ಚಪ್ಪಾಳೆಗೆ ಬಲಕ್ಕೆ ಬೆರಳು. ಎಡಗಡೆಯದಕ್ಕೂ ಬಲಕ್ಕೆ. ಹಿಂದಿನದಕ್ಕೂ ಬಲಕ್ಕೆ. ತರಗತಿ ನಕ್ಕಿತು. ನಾನೂ ನಕ್ಕು "ಸರಿಯಾಗಿ ಗಮನ ಕೊಡಮ್ಮ" ಎಂದು ಇನ್ನೊಮ್ಮೆ ಚಪ್ಪಾಳೆ ತಟ್ಟಿಸಿದೆ. ಮತ್ತೆ ಬಲಕ್ಕೆ. ಬಟ್ಟೆ ಬಿಚ್ಚಿಕೊಂಡು ಅವಳು ತನ್ನ ಜಾಗಕ್ಕೆ ಹೋದಳು. ಬೆಲ್ ಆದ ಮೇಲೆ ನಾನೇ ಹೋಗಿ ಕೇಳಿದ್ದಕ್ಕೆ, "ಆ ಕಡೆ ಕಿವಿ ಚಿಕ್ಕವಳಿದ್ದಾಗಿಂದ ಅಷ್ಟು ಕೇಳಲ್ಲ ಮಿಸ್" ಎಂದಳು. ಎರಡು ಕಿವಿಯಿಂದ ದಿಕ್ಕು ತಿಳಿಯುತ್ತದೆ ಎಂದು ಹತ್ತು ನಿಮಿಷ ಮೊದಲು ಹಲಗೆಯ ಮೇಲೆ ಬರೆದಿದ್ದವಳು ನಾನು. ಎದುರಿಗೇ ಇದ್ದ ಫಲಿತಾಂಶವನ್ನು ಅಲಕ್ಷ್ಯವೆಂದು ಓದಿದ್ದೆ.

ಅವಳು ಕೂರುತ್ತಿದ್ದುದು ಬಲಗಡೆಯ ಗೋಡೆಗೆ ತಾಗಿದ ನಾಲ್ಕನೇ ಬೆಂಚಿನಲ್ಲಿ. ಕೇಳುವ ಕಿವಿ ಗೋಡೆಯ ಕಡೆಗೆ, ಕೇಳದ ಕಿವಿ ತರಗತಿಯ ಕಡೆಗೆ. ಎಡಗಡೆಗೆ ಕಳಿಸೋಣವೆಂದರೆ ಅದು ಹುಡುಗರ ಸಾಲು. ತರಗತಿ ಶಿಕ್ಷಕರಿಗೆ ಹೇಳಿದಾಗ ಅವರು ಒಂದು ಕ್ಷಣ ಯೋಚಿಸಿ, ಮರುದಿನದಿಂದ ಹುಡುಗಿಯರನ್ನೆಲ್ಲ ಎಡಕ್ಕೂ ಹುಡುಗರನ್ನು ಬಲಕ್ಕೂ ಬದಲಿಸಿದರು; ಅವಳನ್ನು ಎರಡನೇ ಬೆಂಚಿನಲ್ಲಿ ಗೋಡೆಯ ತುದಿಗೆ ಕೂರಿಸಿದರು. ಕಾರಣ ಯಾರಿಗೂ ಹೇಳಲಿಲ್ಲ. ಇದು ಯಾವ ಬೋಧನಾ ಕೌಶಲದ ಪಟ್ಟಿಯಲ್ಲೂ ನಾನು ಓದಿದ್ದಲ್ಲ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಪಾಸಣೆಯಲ್ಲಿ ಶ್ರವಣದೋಷವೂ ಸೇರಿದೆ. ಆ ತಂಡ ಬಂದಾಗ ತೋರಿಸಲು ಅವಳ ಹೆಸರನ್ನು ಬರೆದಿಟ್ಟುಕೊಂಡರು. ತಂಡ ಬರುವ ಮೊದಲೇ ನಮ್ಮ ಬೋಧನಾಭ್ಯಾಸ ಮುಗಿಯಿತು.

ಪಾಠಯೋಜನೆಯನ್ನು ಇಲಾಖೆಗೆ ಒಪ್ಪಿಸುವಾಗ ಎರಡು ತಿದ್ದುಪಡಿ ಮಾಡಿದ್ದೇನೆ. ಕುರ್ಚಿಯನ್ನು ತರಗತಿಯ ನಡುವೆ ಇಡುವುದಿಲ್ಲ. ಮಕ್ಕಳು ಐದೈದರ ಗುಂಪಿನಲ್ಲಿ ಕೂತು ತಮ್ಮತಮ್ಮಲ್ಲೇ ಆಡಿ, ಫಲಿತಾಂಶವನ್ನು ಹೆಸರಿಲ್ಲದ ಚೀಟಿಯಲ್ಲಿ ಬರೆಯಬೇಕು. ಮತ್ತೆ, ಎರಡು ಕಿವಿಯಿಂದಲೂ ಕೇಳಿದ ಮೇಲೆ ಎಲ್ಲರೂ ಒಂದು ಕಿವಿಯನ್ನು ಅಂಗೈಯಿಂದ ಮುಚ್ಚಿಕೊಂಡು ಇನ್ನೊಂದು ಸುತ್ತು ಆಡಬೇಕು.