ಬೆಚ್ಚನೆಯ ಗೂಡು

ಮಕ್ಕಳೇ, ದೀಪಾವಳಿ ಮುಗಿಯುತ್ತಲೇ ನಮ್ಮ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಭಾಗದಲ್ಲಿ ಚಳಿ ಮೆಲ್ಲಗೆ ಕಾಲಿಡುತ್ತದೆ. ಎಳ್ಳಮಾವಾಸ್ಯೆಯ ಹೊತ್ತಿಗೆ ಅದು ಚೆನ್ನಾಗಿ ಬಲಿತಿರುತ್ತದೆ. ಹಗಲಿನ ಬಿಸಿಲು ಹಿತವಾಗಿರುತ್ತದೆ. ಆದರೆ ಕೆಲವು ರಾತ್ರಿ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಇಳಿಯುತ್ತದೆ. ಆಗ ನೀವು ಏನು ಮಾಡುತ್ತೀರಿ? ಕೌದಿಯನ್ನು ಕಿವಿಯವರೆಗೆ ಎಳೆದುಕೊಂಡು ಮಲಗುತ್ತೀರಿ. ಇನ್ನೂ ಚಳಿಯಾದರೆ "ಅವ್ವಾ, ಇನ್ನೊಂದು ಚಾದರ ಕೊಡು" ಎಂದು ಕೇಳುತ್ತೀರಿ.

ಕೋಳಿಮರಿ ಹೀಗೆ ಕೇಳಬಲ್ಲದೇ? ಕುರಿಮರಿ ಕೇಳಬಲ್ಲದೇ? ಅವಕ್ಕೆ ನಮ್ಮ ಮಾತು ಬರುವುದಿಲ್ಲ. ಆದರೆ ಅವು ತಮ್ಮದೇ ರೀತಿಯಲ್ಲಿ ಚಳಿಯನ್ನು ಹೇಳುತ್ತವೆ. ಅದನ್ನು ತಿಳಿಯುವುದು ಹೇಗೆ, ಅವುಗಳನ್ನು ಬೆಚ್ಚಗೆ ಇಡುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ನೋಡೋಣ.

ಚಿಕ್ಕ ಮೈ ಬೇಗ ತಣ್ಣಗಾಗುತ್ತದೆ

ಮೊದಲು ಒಂದು ಪ್ರಯೋಗ ಮಾಡಿರಿ. ಒಂದು ಕೊಡ ಮತ್ತು ಒಂದು ಚಿಕ್ಕ ಬಟ್ಟಲು ತೆಗೆದುಕೊಳ್ಳಿರಿ. ಸ್ನಾನಕ್ಕೆ ಕಾಯಿಸಿದ ಬಿಸಿನೀರನ್ನು ಎರಡರಲ್ಲೂ ತುಂಬಲು ಹಿರಿಯರಿಗೆ ಹೇಳಿರಿ. ಕಾಲು ಗಂಟೆ ಬಿಟ್ಟು ಎರಡನ್ನೂ ಹೊರಗಿನಿಂದ ಮುಟ್ಟಿ ನೋಡಿರಿ. ಬಟ್ಟಲಿನ ನೀರು ಆರಿರುತ್ತದೆ. ಕೊಡದ ನೀರು ಇನ್ನೂ ಬಿಸಿಯಾಗಿರುತ್ತದೆ. ಎರಡರಲ್ಲೂ ಒಂದೇ ನೀರು; ಹೀಗೇಕಾಯಿತು?

ಒಂದು ಬೆಲ್ಲದ ಪೆಂಟೆಯನ್ನು ನೆನಪಿಸಿಕೊಳ್ಳಿರಿ. ಪೆಂಟೆ ಇಡಿಯಾಗಿದ್ದಾಗ ಹೊರಮೈ ಮಾತ್ರ ಗಾಳಿಗೆ ತೆರೆದಿರುತ್ತದೆ. ಅದನ್ನು ಒಡೆದು ಚೂರು ಮಾಡಿದರೆ ಒಳಗಿದ್ದ ಭಾಗವೂ ಹೊರಗೆ ಬರುತ್ತದೆ. ಬೆಲ್ಲ ಅಷ್ಟೇ ಇರುತ್ತದೆ, ಆದರೆ ಗಾಳಿಗೆ ತಾಗುವ ಮೈ ಹೆಚ್ಚಾಗುತ್ತದೆ. ಅಂದರೆ ವಸ್ತು ಚಿಕ್ಕದಾದಷ್ಟೂ ಅದರ ಗಾತ್ರಕ್ಕೆ ಹೋಲಿಸಿದರೆ ಹೊರಮೈ ಹೆಚ್ಚು. ಶಾಖ ಹೊರಗೆ ಹೋಗುವುದು ಈ ಹೊರಮೈಯಿಂದಲೇ.

ಎಮ್ಮೆ ದೊಡ್ಡ ಕೊಡದ ಹಾಗೆ, ಕೋಳಿಮರಿ ಚಿಕ್ಕ ಬಟ್ಟಲಿನ ಹಾಗೆ. ಆದ್ದರಿಂದ ಎಮ್ಮೆ ತಡೆದುಕೊಳ್ಳುವ ಚಳಿಯನ್ನು ಕೋಳಿಮರಿ ತಡೆದುಕೊಳ್ಳಲಾರದು.

ತಾಯಿಯ ರೆಕ್ಕೆಯ ಕೆಳಗೆ

ಕೋಳಿ ತನ್ನ ಮೊಟ್ಟೆಗಳ ಮೇಲೆ 21 ದಿನ ಕಾವು ಕೂರುತ್ತದೆ. ಆಮೇಲೆ ಮೊಟ್ಟೆ ಒಡೆದು ಮರಿ ಹೊರಬರುತ್ತದೆ. ಆಗ ಅದರ ಮೈಮೇಲೆ ಗರಿ ಇರುವುದಿಲ್ಲ, ಹತ್ತಿಯಂಥ ನುಣುಪಾದ ತುಪ್ಪಳ ಮಾತ್ರ ಇರುತ್ತದೆ. ಮೊದಲ ಕೆಲವು ದಿನ ತನ್ನ ಮೈಯನ್ನು ತಾನೇ ಬೆಚ್ಚಗೆ ಇಟ್ಟುಕೊಳ್ಳುವ ಶಕ್ತಿ ಮರಿಗೆ ಇರುವುದಿಲ್ಲ. ಅದಕ್ಕೇ ಮರಿಗಳು ಮತ್ತೆ ಮತ್ತೆ ಓಡಿ ಬಂದು ತಾಯಿಯ ರೆಕ್ಕೆಯ ಕೆಳಗೆ ಸೇರುತ್ತವೆ. ಕೋಳಿಯ ಮೈಯ ಉಷ್ಣತೆ ಸುಮಾರು 41 ಡಿಗ್ರಿ. ಅದು ನಮ್ಮ ಮೈಗಿಂತಲೂ ಹೆಚ್ಚು ಬಿಸಿ.

ಇಲ್ಲಿ ಒಂದು ವಿಷಯವನ್ನು ಚೆನ್ನಾಗಿ ನೆನಪಿಡಿರಿ. ಚಾದರ ತಾನಾಗಿ ಬಿಸಿ ಕೊಡುವುದಿಲ್ಲ. ಅದರ ಎಳೆಗಳ ನಡುವೆ ಗಾಳಿ ನಿಂತಿರುತ್ತದೆ. ಆ ಗಾಳಿ ನಮ್ಮ ಮೈಯ ಬಿಸಿಯನ್ನು ಬೇಗ ಹೊರಗೆ ಹೋಗಗೊಡುವುದಿಲ್ಲ. ಹಕ್ಕಿಗಳು ಚಳಿಯಲ್ಲಿ ಗರಿ ಉಬ್ಬಿಸಿ ಕೂರುವುದೂ ಇದಕ್ಕಾಗಿಯೇ. ಆದರೆ ತಣ್ಣಗಾದ ಮರಿಯ ಮೈಯಲ್ಲಿ ಬಿಸಿಯೇ ಕಡಿಮೆ. ಅದಕ್ಕೆ ಬಟ್ಟೆ ಸುತ್ತಿದರೆ ಮಾತ್ರ ಸಾಲದು. ಹೊರಗಿನಿಂದ ಶಾಖವನ್ನೂ ಕೊಡಬೇಕು.

ತಾಯಿ ಇಲ್ಲದ ಮರಿಗಳಿಗೆ

ಕೆಲವರು ಮರಿಗಳನ್ನು ಪೇಟೆಯಿಂದ ತರುತ್ತಾರೆ. ಅವುಗಳ ಜೊತೆಗೆ ತಾಯಿ ಇರುವುದಿಲ್ಲ. ಅಂಥ ಮರಿಗಳಿಗೆ ನಾವೇ ಗೂಡು ಮಾಡಿ ಕಾವು ಕೊಡಬೇಕು.

ಗೂಡು ದುಂಡಗಿರಲಿ. ಚೌಕಾದ ಪೆಟ್ಟಿಗೆಯಲ್ಲಿ ಮರಿಗಳು ಮೂಲೆಗೆ ನುಗ್ಗುತ್ತವೆ. ಒಂದರ ಮೇಲೊಂದು ಬಿದ್ದು, ಕೆಳಗಿನ ಮರಿಗಳು ಉಸಿರುಕಟ್ಟಿ ಸಾಯುತ್ತವೆ. ದಪ್ಪ ರಟ್ಟನ್ನು ದುಂಡಗೆ ಬಗ್ಗಿಸಿ ಕಟ್ಟಿದರೆ ಮೂಲೆಯೇ ಇರುವುದಿಲ್ಲ.

ನೆಲ ಒಣಗಿರಲಿ. ನೆಲದ ಮೇಲೆ ಸುಮಾರು ಎರಡು ಅಂಗುಲ ದಪ್ಪಕ್ಕೆ ಭತ್ತದ ಹೊಟ್ಟನ್ನೋ ಪುಡಿ ಮಾಡಿದ ಶೇಂಗಾ ಸಿಪ್ಪೆಯನ್ನೋ ಹರಡಿರಿ. ಮೊದಲ ಎರಡು ಮೂರು ದಿನ ಅದರ ಮೇಲೆ ದೊರಗು ಕಾಗದ ಹಾಸಿರಿ. ಇಲ್ಲದಿದ್ದರೆ ಮರಿಗಳು ಹೊಟ್ಟನ್ನೇ ಕಾಳೆಂದು ತಿನ್ನುತ್ತವೆ. ಒದ್ದೆಯಾದ ಹೊಟ್ಟನ್ನು ಆಗಾಗ ತೆಗೆದುಹಾಕಿರಿ. ಒದ್ದೆ ತುಪ್ಪಳದಲ್ಲಿ ಗಾಳಿ ನಿಲ್ಲುವುದಿಲ್ಲ, ಆದ್ದರಿಂದ ಒದ್ದೆ ಮರಿ ಬಹಳ ಬೇಗ ತಣ್ಣಗಾಗುತ್ತದೆ.

ನೀರಿನ ತಟ್ಟೆ ಆಳವಿಲ್ಲದಿರಲಿ. ಅದರಲ್ಲಿ ತೊಳೆದ ಕಲ್ಲುಹರಳುಗಳನ್ನು ಹಾಕಿರಿ. ಆಗ ಮರಿ ನೀರಿಗೆ ಬಿದ್ದು ನೆನೆಯುವುದಿಲ್ಲ. ಚಳಿಯಿರುವಾಗ ಉಗುರು ಬೆಚ್ಚಗಿನ ನೀರು ಕೊಡಿರಿ.

ಇನ್ನು ಕಾವು. ಮೊದಲ ವಾರ ಮರಿಗಳ ಬೆನ್ನಿನ ಎತ್ತರದಲ್ಲಿ ಸುಮಾರು 35 ಡಿಗ್ರಿ ಶಾಖ ಬೇಕು. ಆಮೇಲೆ ಗರಿ ಮೂಡುತ್ತಾ ಹೋದ ಹಾಗೆ ವಾರಕ್ಕೆ ಸುಮಾರು 3 ಡಿಗ್ರಿಯಂತೆ ಕಡಿಮೆ ಮಾಡುತ್ತಾರೆ. ಇದಕ್ಕಾಗಿ ಗೂಡಿನ ಮೇಲೆ ಬಲ್ಬು ತೂಗುಹಾಕುತ್ತಾರೆ. ಹಳೆಯ ತರಹದ ತಂತಿಯ ಬಲ್ಬು ಬೆಳಕಿನೊಂದಿಗೆ ಬಿಸಿಯನ್ನೂ ಕೊಡುತ್ತದೆ. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗುವುದಿಲ್ಲ. ಅದು ಚೆನ್ನಾಗಿ ಬೆಳಗಿದರೂ ಗೂಡನ್ನು ಕಾಯಿಸುವುದಿಲ್ಲ. ಬಲ್ಬನ್ನು ಕಟ್ಟುವ, ತಂತಿ ಜೋಡಿಸುವ ಕೆಲಸವನ್ನು ಹಿರಿಯರೇ ಮಾಡಬೇಕು. ನೀವು ಕೈ ಹಾಕಬಾರದು. ಬಲ್ಬು ಹೊಟ್ಟಿಗಾಗಲಿ ರಟ್ಟಿಗಾಗಲಿ ತಾಗಬಾರದು, ಕಳಚಿ ಬೀಳಬಾರದು. ಬಿದ್ದರೆ ಬೆಂಕಿ ಹತ್ತುತ್ತದೆ.

ಮರಿಗಳ ಮಾತು

ಉಷ್ಣಮಾಪಕ ಇಲ್ಲದಿದ್ದರೂ ಕಾವು ಸರಿಯಾಗಿದೆಯೇ ಎಂದು ತಿಳಿಯಬಹುದು. ಮರಿಗಳೇ ಅದನ್ನು ಹೇಳುತ್ತವೆ. ಗೂಡಿನ ಪಕ್ಕದಲ್ಲಿ ಸದ್ದಿಲ್ಲದೆ ಕುಳಿತು ನೋಡಿರಿ.

ಮರಿಗಳು ಬಲ್ಬಿನ ಕೆಳಗೆ ಗುಂಪುಗೂಡಿ, ಎತ್ತರದ ದನಿಯಲ್ಲಿ ಚಿಂವ್ ಚಿಂವ್ ಎನ್ನುತ್ತಿವೆಯೇ? ಅವಕ್ಕೆ ಚಳಿಯಾಗುತ್ತಿದೆ. ಬಲ್ಬನ್ನು ಸ್ವಲ್ಪ ಕೆಳಗಿಳಿಸಬೇಕು.

ಬಲ್ಬಿನಿಂದ ದೂರ ಸರಿದು, ಕೊಕ್ಕು ತೆರೆದು ಏದುತ್ತಿವೆಯೇ? ಸೆಕೆಯಾಗುತ್ತಿದೆ. ಬಲ್ಬನ್ನು ಮೇಲಕ್ಕೆತ್ತಬೇಕು.

ಎಲ್ಲ ಮರಿಗಳೂ ಒಂದೇ ಬದಿಗೆ ಸೇರಿವೆಯೇ? ಇನ್ನೊಂದು ಬದಿಯಿಂದ ತಣ್ಣನೆಯ ಗಾಳಿ ಬರುತ್ತಿದೆ. ಕೈಯನ್ನು ಮರಿಗಳ ಎತ್ತರಕ್ಕೆ ತಗ್ಗಿಸಿ ಹಿಡಿದು ನೋಡಿರಿ. ನಿಂತಾಗ ನಮಗೆ ತಿಳಿಯದ ಗಾಳಿ ಅಲ್ಲಿ ತಿಳಿಯುತ್ತದೆ.

ಗೂಡಿನ ತುಂಬ ಹರಡಿಕೊಂಡು ಕೆಲವು ತಿನ್ನುತ್ತ, ಕೆಲವು ಕುಡಿಯುತ್ತ, ಕೆಲವು ಮಲಗಿವೆಯೇ? ಎಲ್ಲವೂ ಸರಿಯಾಗಿದೆ.

ಗೂಡಿನಲ್ಲಿ ಒಂದು ಬದಿ ಬೆಚ್ಚಗೂ ಇನ್ನೊಂದು ಬದಿ ತಂಪಾಗಿಯೂ ಇರಬೇಕು. ಆಗ ಬೇಕಾದ ಜಾಗವನ್ನು ಮರಿಗಳೇ ಆರಿಸಿಕೊಳ್ಳುತ್ತವೆ.

ಬೆಚ್ಚಗಿಡುವುದೆಂದರೆ ಮುಚ್ಚಿಡುವುದಲ್ಲ

ಚಳಿಗೆ ಹೆದರಿ ಕೆಲವರು ಗೂಡಿನ ಕಿಂಡಿಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಇದು ತಪ್ಪು. ಒಳಗೆ ಉಸಿರಿನ ತೇವ ಸೇರಿ ಹೊಟ್ಟು ಒದ್ದೆಯಾಗುತ್ತದೆ. ಹಿಕ್ಕೆಯಿಂದ ಅಮೋನಿಯಾ ಎಂಬ ಕಟುವಾದ ಅನಿಲ ಏಳುತ್ತದೆ. ಅದರಿಂದ ಮರಿಗಳ ಕಣ್ಣು ಉರಿಯುತ್ತದೆ, ಉಸಿರಾಟಕ್ಕೆ ತೊಂದರೆಯಾಗುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೆಗಡಿ ಇಟ್ಟರೆ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹೊಗೆ ಕಾಣದಿದ್ದರೂ ಅದು ಇರುತ್ತದೆ. ಅದು ಮರಿಗಳನ್ನೂ ಕೊಲ್ಲುತ್ತದೆ, ಅದೇ ಕೋಣೆಯಲ್ಲಿ ಮಲಗಿದ ಮನುಷ್ಯರನ್ನೂ ಕೊಲ್ಲುತ್ತದೆ. ಆದ್ದರಿಂದ ಮಲಗುವ ಕೋಣೆಯಲ್ಲಾಗಲಿ ಮುಚ್ಚಿದ ಕೊಟ್ಟಿಗೆಯಲ್ಲಾಗಲಿ ಕೆಂಡ ಇಡಬಾರದು. ಯಾರಾದರೂ ಇಡುವುದನ್ನು ಕಂಡರೆ ನೀವು ಈ ಮಾತನ್ನು ಧೈರ್ಯವಾಗಿ ಹೇಳಿರಿ.

ಹಾಗಾದರೆ ಏನು ಮಾಡಬೇಕು? ಗಾಳಿ ಬೀಸುವ ಬದಿಗೆ ಗೋಣಿಚೀಲದ ಪರದೆ ಕಟ್ಟಿರಿ. ಮೇಲ್ಗಡೆ ಒಂದು ಗೇಣು ಜಾಗ ಬಿಡಿರಿ. ಆ ಜಾಗಕ್ಕೆ ತಂತಿಯ ಜಾಳಿಗೆ ಹಾಕಿಸಿರಿ. ಆಗ ಕೆಟ್ಟ ಗಾಳಿ ಮೇಲಿನಿಂದ ಹೊರಗೆ ಹೋಗುತ್ತದೆ, ಬೆಕ್ಕು, ಹೆಗ್ಗಣ, ಮುಂಗುಸಿ ಒಳಗೆ ಬರುವುದಿಲ್ಲ. ಬಿಸಿಲೇರಿದ ಮೇಲೆ ಪರದೆಯನ್ನು ಸುತ್ತಿ ಮೇಲೆ ಕಟ್ಟಿರಿ.

ತಣ್ಣಗಾದ ಮರಿ ಸಿಕ್ಕರೆ

ಬೆಳಿಗ್ಗೆ ಗೂಡು ತೆರೆದಾಗ ಒಂದು ಮರಿ ಮುದುಡಿ ಬಿದ್ದಿದ್ದರೆ ಸತ್ತಿದೆಯೆಂದು ಕೂಡಲೇ ಬಿಟ್ಟುಬಿಡಬೇಡಿರಿ. ಎದೆಯ ಹತ್ತಿರ ನೋಡಿರಿ. ಉಸಿರಾಡುತ್ತಿದ್ದರೆ ಅದನ್ನು ಬದುಕಿಸಲು ಪ್ರಯತ್ನಿಸಬಹುದು.

ಒದ್ದೆಯಾಗಿದ್ದರೆ ಬಟ್ಟೆಯಿಂದ ಮೆಲ್ಲಗೆ ಒರೆಸಿರಿ. ಎರಡು ಅಂಗೈಗಳ ನಡುವೆ ಹಿಡಿದುಕೊಳ್ಳಿರಿ. ಬಾಟಲಿಯಲ್ಲಿ ಬಿಸಿನೀರು ತುಂಬಿ, ಬಟ್ಟೆ ಸುತ್ತಿ, ಮರಿಯ ಪಕ್ಕದಲ್ಲಿ ಇಡಿಸಿರಿ. ಒಲೆಯ ಮುಂದೆ ಹಿಡಿಯಬೇಡಿರಿ, ಬಿಸಿನೀರಿನಲ್ಲಿ ಅದ್ದಬೇಡಿರಿ. ಮೈ ನಿಧಾನವಾಗಿ ಬೆಚ್ಚಗಾಗಬೇಕು. ಮರಿ ತಲೆಯೆತ್ತಿ ನಿಲ್ಲುವವರೆಗೆ ಬಾಯಿಗೆ ನೀರು ಹಾಕಬಾರದು; ನೀರು ಉಸಿರಿನ ನಾಳಕ್ಕೆ ಹೋಗುತ್ತದೆ. ನಿಂತ ಮೇಲೆ ಸ್ವಲ್ಪ ಬೆಲ್ಲ ಕರಗಿಸಿದ ಉಗುರು ಬೆಚ್ಚಗಿನ ನೀರನ್ನು ಮುಂದಿಡಿರಿ. ಅದು ತಾನಾಗಿ ಕುಡಿಯಲಿ. ಮರಿಯನ್ನು ಮುಟ್ಟಿದ ಮೇಲೆ ಸಾಬೂನಿನಿಂದ ಕೈ ತೊಳೆಯಲು ಮರೆಯಬೇಡಿರಿ.

ಕುರಿಮರಿ

ಜತ್ತ ತಾಲೂಕಿನ ಮಾಡಗ್ಯಾಳ ಊರಿನ ಹೆಸರನ್ನು ಹೊತ್ತ ಕುರಿ ತಳಿಯನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. ಯಾವ ತಳಿಯ ಕುರಿಯಾದರೂ ಅದರ ಮರಿ ಹುಟ್ಟುವಾಗ ಒದ್ದೆಯಾಗಿರುತ್ತದೆ. ತಾಯಿ ಅದನ್ನು ನೆಕ್ಕಿ ನೆಕ್ಕಿ ಒಣಗಿಸುತ್ತದೆ. ತಾಯಿ ನೆಕ್ಕದಿದ್ದರೆ ಕುರಿಗಾಹಿಗಳು ಒಣ ಬಟ್ಟೆಯಿಂದ ಉಜ್ಜಿ ಒರೆಸುತ್ತಾರೆ. ಹುಟ್ಟಿದ ಒಂದು ಗಂಟೆಯೊಳಗೆ ಮರಿ ಗಿಣ್ಣುಹಾಲು ಕುಡಿಯಬೇಕು. ಗಿಣ್ಣುಹಾಲು ಮರಿಗೆ ರೋಗ ತಡೆಯುವ ಶಕ್ತಿ ಕೊಡುತ್ತದೆ, ಮೈಯೊಳಗೆ ಶಾಖ ಹುಟ್ಟಿಸುವುದಕ್ಕೂ ಅದೇ ಆಹಾರ. ಹೊಟ್ಟೆ ತುಂಬಿದ ಮರಿ ಚಳಿಯನ್ನು ತಡೆಯುತ್ತದೆ, ಹಸಿದ ಮರಿ ತಡೆಯಲಾರದು.

ದೂರದ ಊರಿನ ಹ್ಯಾಮ್‌ಸ್ಟರ್

ಪಟ್ಟಣಗಳಲ್ಲಿ ಕೆಲವರು ಹ್ಯಾಮ್‌ಸ್ಟರ್ ಎಂಬ ಪ್ರಾಣಿಯನ್ನು ಸಾಕುತ್ತಾರೆ. ಇದು ಇಲಿಯಂತೆ ಕಾಣುತ್ತದೆ, ಬಾಲ ಮಾತ್ರ ತುಂಬಾ ಗಿಡ್ಡ. ಕೆನ್ನೆಯೊಳಗಿನ ಚೀಲದಲ್ಲಿ ಕಾಳು ತುಂಬಿಕೊಂಡು ಹೋಗುತ್ತದೆ. ಹೊಂಬಣ್ಣದ ಹ್ಯಾಮ್‌ಸ್ಟರ್‌ನ ತವರು ಸಿರಿಯಾ ದೇಶದ ಅಲೆಪ್ಪೊ ನಗರದ ಸುತ್ತಲಿನ ಬಯಲು. 1930ರಲ್ಲಿ ಅಲ್ಲಿ ಇಸ್ರೇಲ್ ಅಹರೋನಿ ಎಂಬ ವಿಜ್ಞಾನಿಗೆ ಒಂದು ತಾಯಿ ಮತ್ತು ಅದರ ಮರಿಗಳು ಸಿಕ್ಕವು. ಇಂದು ಜಗತ್ತಿನ ಮನೆಗಳಲ್ಲಿರುವ ಹೊಂಬಣ್ಣದ ಹ್ಯಾಮ್‌ಸ್ಟರ್‌ಗಳಲ್ಲಿ ಬಹುಪಾಲು ಆ ಒಂದೇ ಸಂಸಾರದ ಸಂತತಿ.

ತವರಿನಲ್ಲಿ ಅದು ನೆಲದೊಳಗೆ ಆಳವಾದ ಬಿಲ ತೋಡಿ ಬದುಕುತ್ತದೆ. ನೆಲದಾಳದಲ್ಲಿ ಚಳಿಯೂ ಕಡಿಮೆ, ಸೆಕೆಯೂ ಕಡಿಮೆ. ಪಂಜರದಲ್ಲಿ ಅದಕ್ಕೆ ಬಿಲ ಇಲ್ಲ. ಆದ್ದರಿಂದ ಪಂಜರದಲ್ಲಿ ತೋಡಿಕೊಳ್ಳುವಷ್ಟು ದಪ್ಪ ಹಾಸಿಗೆ ಇರಬೇಕು. ಹರಿದ ಬಿಳಿ ಟಿಶ್ಯೂ ಕಾಗದ ಹಾಕಿದರೆ ಅದೇ ಗೂಡು ಕಟ್ಟಿಕೊಳ್ಳುತ್ತದೆ. ಹತ್ತಿ ಹಾಕಬಾರದು, ಎಳೆಗಳು ಕಾಲಿಗೆ ಸುತ್ತಿಕೊಳ್ಳುತ್ತವೆ, ಹೊಟ್ಟೆಗೆ ಹೋದರೆ ಕರುಳಿಗೆ ಅಡ್ಡವಾಗುತ್ತವೆ. ಪಂಜರವನ್ನು ಕಿಟಕಿಯ ಗಾಳಿಗೂ ನೇರ ಬಿಸಿಲಿಗೂ ಇಡಬಾರದು.

ತುಂಬಾ ಚಳಿಯಾದರೆ ಹ್ಯಾಮ್‌ಸ್ಟರ್ ಗಾಢವಾದ ಜಡನಿದ್ರೆಗೆ ಜಾರುತ್ತದೆ. ಮೈ ತಣ್ಣಗಿರುತ್ತದೆ, ಉಸಿರು ಬಹಳ ಹೊತ್ತಿಗೊಮ್ಮೆ ಮಾತ್ರ ಆಡುತ್ತದೆ. ನೋಡಿದವರು ಸತ್ತಿತೆಂದೇ ತಿಳಿಯುತ್ತಾರೆ. ಬದುಕಿರುವ ಪ್ರಾಣಿಯನ್ನು ಹೂಳಿದರೆ ಎಂಥ ಅನ್ಯಾಯ! ಅದನ್ನು ಬೆಚ್ಚಗಿನ ಕೋಣೆಗೆ ತಂದು, ಅಂಗೈಯಲ್ಲಿಟ್ಟು ನಿಧಾನವಾಗಿ ಬೆಚ್ಚಗೆ ಮಾಡಬೇಕು, ಪಶುವೈದ್ಯರಿಗೆ ತೋರಿಸಬೇಕು.

ಮಕ್ಕಳೇ, ಕೋಳಿಮರಿ, ಕುರಿಮರಿ, ಹ್ಯಾಮ್‌ಸ್ಟರ್ ಬೇರೆ ಬೇರೆ ಪ್ರಾಣಿಗಳು. ಆದರೆ ಅವುಗಳಿಗೆ ಬೇಕಾದದ್ದು ಒಂದೇ: ಒಣ ಹಾಸಿಗೆ, ಗಾಳಿಗೆ ಮರೆ, ಉಸಿರಾಡಲು ಕಿಂಡಿ, ಹೊಟ್ಟೆ ತುಂಬ ಆಹಾರ. ಇದಕ್ಕೆ ಹೆಚ್ಚು ಹಣ ಬೇಕಿಲ್ಲ. ನಾವು ಸಾಕಿದ ಜೀವ ನಮ್ಮನ್ನೇ ನಂಬಿಕೊಂಡಿದೆ. ಇಂದು ರಾತ್ರಿ ಮಲಗುವ ಮೊದಲು ನಿಮ್ಮ ಮನೆಯ ಗೂಡನ್ನು ಒಮ್ಮೆ ನೋಡಿ ಬನ್ನಿರಿ.

ಹೊಸ ಶಬ್ದಗಳು

ಕಾವು – ಶಾಖ, ಬಿಸಿ
ತುಪ್ಪಳ – ಮರಿಯ ಮೈಮೇಲಿನ ನುಣುಪಾದ ಕೂದಲು
ಗಿಣ್ಣುಹಾಲು – ಈದ ಪ್ರಾಣಿಯ ಮೊದಲ ಹಾಲು
ಶೆಗಡಿ – ಕೆಂಡ ಹಾಕುವ ಒಲೆ
ಗೇಣು – ಚಾಚಿದ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗಿನ ಅಳತೆ

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕೋಳಿ ಎಷ್ಟು ದಿನ ಕಾವು ಕೂರುತ್ತದೆ?
2. ಮರಿಗಳ ಗೂಡು ಏಕೆ ದುಂಡಗಿರಬೇಕು?
3. ಹೊಂಬಣ್ಣದ ಹ್ಯಾಮ್‌ಸ್ಟರ್‌ನ ತವರು ಯಾವುದು?

ಆ) ಎರಡು ಮೂರು ವಾಕ್ಯಗಳಲ್ಲಿ ಉತ್ತರಿಸಿರಿ.
1. ತಣ್ಣಗಾದ ಮರಿಗೆ ಬಟ್ಟೆ ಸುತ್ತಿದರೆ ಮಾತ್ರ ಏಕೆ ಸಾಲದು?
2. ಮುಚ್ಚಿದ ಕೋಣೆಯಲ್ಲಿ ಕೆಂಡ ಇಡುವುದು ಏಕೆ ಅಪಾಯ?

ಇ) ಬಿಟ್ಟ ಸ್ಥಳಗಳನ್ನು ತುಂಬಿರಿ.
1. ವಸ್ತು ಚಿಕ್ಕದಾದಷ್ಟೂ ಅದು ______ ತಣ್ಣಗಾಗುತ್ತದೆ.
2. ಮರಿಗಳು ಕೊಕ್ಕು ತೆರೆದು ಏದಿದರೆ ಅವಕ್ಕೆ ______ ಆಗುತ್ತಿದೆ ಎಂದು ತಿಳಿಯಬೇಕು.

ಈ) ವಿರುದ್ಧಾರ್ಥಕ ಶಬ್ದ ಬರೆಯಿರಿ.
ಒದ್ದೆ, ಚಳಿ, ಒಳಗೆ, ಹಗಲು

ಉಪಕ್ರಮ: ನಿಮ್ಮ ಓಣಿಯಲ್ಲಿ ಕೋಳಿ, ಕುರಿ ಸಾಕಿದವರನ್ನು ಭೇಟಿಯಾಗಿರಿ. ಚಳಿಗಾಲದಲ್ಲಿ ಅವರು ಮರಿಗಳನ್ನು ಹೇಗೆ ಕಾಪಾಡುತ್ತಾರೆ ಎಂದು ಕೇಳಿ ಐದು ವಾಕ್ಯ ಬರೆದು ವರ್ಗದಲ್ಲಿ ಓದಿರಿ.