ತಿದ್ದಿದ ಛಾಯಾಚಿತ್ರವೂ ಎರಡನೆಯ ಕಣ್ಣೂ

ಬಸವನಗುಡಿಯ ದೊಡ್ಡಬಸವನ ಸನ್ನಿಧಿಯಲ್ಲಿ ಹುಟ್ಟುವುದೆಂದು ಪ್ರತೀತಿಯುಳ್ಳ ವೃಷಭಾವತಿಯು ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಯ ಬಳಿ ಹಾದು, ನಾಯಂಡಹಳ್ಳಿ ಕೆಂಗೇರಿಗಳನ್ನು ದಾಟಿ, ಬಿಡದಿಯ ಸಮೀಪದ ಬೈರಮಂಗಲದ ಜಲಾಶಯವನ್ನು ಹೊಕ್ಕು, ಮುಂದೆ ಅರ್ಕಾವತಿಯನ್ನು ಸೇರುತ್ತದೆ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರಗಳ ಕೊಳೆನೀರು ಬಹುಮಟ್ಟಿಗೆ ಇಳಿಯುವುದು ಈ ನದಿಯ ಕಣಿವೆಗೇ. ಬಟ್ಟೆ ಒಗೆಯುವ ಪುಡಿ, ಪಾತ್ರೆ ತೊಳೆಯುವ ದ್ರವ ಮೊದಲಾದ ಮಾರ್ಜಕಗಳ ಅಂಶ ಆ ನೀರಿನಲ್ಲಿ ಧಾರಾಳವಾಗಿರುವುದರಿಂದ, ನೀರು ಎತ್ತರದಿಂದ ಬಿದ್ದೆಡೆಯಲ್ಲೆಲ್ಲ ನೊರೆಯೇಳುತ್ತದೆ. ಕೆಂಗೇರಿಯ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು ಈ ನೊರೆಯ ಛಾಯಾಚಿತ್ರವನ್ನು ತೆಗೆದು, ಕಂಪ್ಯೂಟರಿನಲ್ಲಿ ತಿದ್ದಿ, ಶಾಲೆಯ ವಿಜ್ಞಾನ ಪ್ರದರ್ಶನದಲ್ಲಿಡಲು ಸಿದ್ಧಪಡಿಸಿದನೆಂದು ಭಾವಿಸೋಣ. ಚಿತ್ರದಲ್ಲಿ ನೊರೆ ಅರಳೆಯಂತೆ ಬೆಳ್ಳಗಿದೆ. ನೀರು ಇದ್ದಲಿನಂತೆ ಕಪ್ಪಗಿದೆ. ಮೇಲಿನ ಆಕಾಶ ಕಡುನೀಲಿಯಾಗಿದೆ. ಗೆಳೆಯರಲ್ಲಿ ಒಬ್ಬನು "ಬಹಳ ಚೆನ್ನಾಗಿದೆ" ಎನ್ನುತ್ತಾನೆ. ಇನ್ನೊಬ್ಬನು "ಏನೋ ಕೃತಕವಾಗಿ ಕಾಣುತ್ತದೆ" ಎಂದು ಮೂಗು ಮುರಿಯುತ್ತಾನೆ. ಈ ಎರಡು ಮಾತುಗಳಿಂದ ಚಿತ್ರ ತೆಗೆದವನಿಗೆ ತಿಳಿದದ್ದೇನು? ಏನೂ ಇಲ್ಲ. ರೋಗಿಯ ಕೈಯನ್ನೂ ಮುಟ್ಟದೆ "ನಿನಗೆ ಮೈ ಸರಿಯಿಲ್ಲ" ಎಂದು ಹೇಳಿ ಕಳುಹಿಸುವ ವೈದ್ಯನ ಮಾತಿಗೂ ಇದಕ್ಕೂ ಹೆಚ್ಚು ಅಂತರವಿಲ್ಲ.

ಆದರೂ ಚಿತ್ರವನ್ನು ತಿದ್ದಿದವನಿಗೆ ಮತ್ತೊಬ್ಬರ ಕಣ್ಣು ಬೇಕೇ ಬೇಕು. ಇದು ಕೇವಲ ವಿನಯದ ಮಾತಲ್ಲ; ಇದಕ್ಕೆ ಶರೀರಶಾಸ್ತ್ರದ ಆಧಾರವಿದೆ. ನಮ್ಮ ಕಣ್ಣು ಅಳತೆಯ ಉಪಕರಣವಲ್ಲ. ಅದು ಎದುರಿಗಿರುವ ಬೆಳಕಿಗೂ ಬಣ್ಣಕ್ಕೂ ಬೇಗನೆ ಹೊಂದಿಕೊಂಡುಬಿಡುತ್ತದೆ. ಬಿಸಿಲಿನಿಂದ ಮನೆಯೊಳಕ್ಕೆ ಬಂದಾಗ ಮೊದಲು ಕತ್ತಲೆಯಾಗಿ ತೋರುವ ನಡುಮನೆ ಕೆಲವು ನಿಮಿಷಗಳಲ್ಲಿ ಬೆಳಕಾಗಿ ತೋರುವುದನ್ನು ಎಲ್ಲರೂ ಬಲ್ಲರು. ಬಣ್ಣಗಳ ವಿಷಯದಲ್ಲಿಯೂ ಹೀಗೆಯೇ. ಪರದೆಯ ಮುಂದೆ ಗಂಟೆಗಟ್ಟಲೆ ಕುಳಿತು ಬಣ್ಣವನ್ನು ಸ್ವಲ್ಪಸ್ವಲ್ಪವಾಗಿ ಏರಿಸುತ್ತ ಹೋದವನಿಗೆ ಪ್ರತಿಯೊಂದು ಹೆಜ್ಜೆಯೂ ಸಹಜವಾಗಿಯೇ ತೋರುತ್ತದೆ. ಕೊನೆಗೆ ಆಕಾಶವು ನೀಲಿಯ ಡಬ್ಬಿಯಲ್ಲಿ ಅದ್ದಿ ತೆಗೆದಂತಾಗಿದ್ದರೂ ಅವನಿಗೆ ಅರಿವಾಗುವುದಿಲ್ಲ. ಹೊರಗಿನಿಂದ ಬಂದವನಿಗೆ ಅದು ಮೊದಲ ನೋಟದಲ್ಲಿಯೇ ಗೊತ್ತಾಗುತ್ತದೆ. ಇವನ ರುಚಿ ದೊಡ್ಡದೆಂದಲ್ಲ, ಇವನ ಕಣ್ಣು ಇನ್ನೂ ದಣಿದಿಲ್ಲ, ಅಷ್ಟೆ.

ನೆರೆಯ ಬಣ್ಣವೂ ಕಣ್ಣನ್ನು ಮೋಸಗೊಳಿಸುತ್ತದೆ. ಫ್ರಾನ್ಸ್ ದೇಶದ ಗೋಬ್ಲಾಂ ನೇಯ್ಗೆಶಾಲೆಯ ಬಣ್ಣದ ವಿಭಾಗಕ್ಕೆ ಮುಖ್ಯಸ್ಥನಾಗಿದ್ದ ರಸಾಯನಶಾಸ್ತ್ರಜ್ಞ ಶೆವ್ರಲನ ಬಳಿಗೆ, ಅಲ್ಲಿಯ ಕಪ್ಪುಬಣ್ಣ ಮಂಕಾಗಿದೆಯೆಂಬ ದೂರು ಬಂದಿತು. ಅವನು ಪರೀಕ್ಷಿಸಿ ನೋಡಲಾಗಿ ಬಣ್ಣದಲ್ಲಿ ಲೋಪವಿರಲಿಲ್ಲ. ಕಪ್ಪು ನೂಲಿನ ಪಕ್ಕದಲ್ಲಿ ನೇಯ್ದಿದ್ದ ಬೇರೆ ಬಣ್ಣದ ನೂಲುಗಳೇ ಅದನ್ನು ಮಂಕಾಗಿ ತೋರಿಸುತ್ತಿದ್ದವು. 1839ರಲ್ಲಿ ಅವನು ಈ ವಿಷಯವಾಗಿ ಒಂದು ದೊಡ್ಡ ಗ್ರಂಥವನ್ನೇ ಪ್ರಕಟಿಸಿದನು. ನಮ್ಮ ವಿದ್ಯಾರ್ಥಿಯ ಚಿತ್ರದಲ್ಲಿ ನೊರೆ ಅಷ್ಟು ಬೆಳ್ಳಗೆ ಕಾಣುವುದಕ್ಕೆ ಪಕ್ಕದ ನೀರನ್ನು ಅವನು ಅಷ್ಟು ಕಪ್ಪು ಮಾಡಿದ್ದೂ ಒಂದು ಕಾರಣ. ನೊರೆಯನ್ನು ಮತ್ತಷ್ಟು ಬೆಳ್ಳಗಾಗಿಸುವ ಅಗತ್ಯವೇ ಇರಲಿಲ್ಲ.

ಕಣ್ಣನ್ನು ನಂಬಲಾಗದ ಕಡೆಯಲ್ಲಿ ಲೆಕ್ಕವನ್ನು ನಂಬಬಹುದು. ಡಿಜಿಟಲ್ ಚಿತ್ರವೆಂಬುದು ಅಂಕಿಗಳ ಒಂದು ಕೋಷ್ಟಕ. ಸಾಮಾನ್ಯವಾದ ಜೆಪೆಗ್ ಕಡತದಲ್ಲಿ ಪ್ರತಿಯೊಂದು ಪಿಕ್ಸೆಲ್ಲಿಗೂ ಕೆಂಪು, ಹಸಿರು, ನೀಲಿಗಳಿಗೆ ಒಂದೊಂದರಂತೆ ಮೂರು ಅಂಕಿಗಳಿರುತ್ತವೆ. ಪ್ರತಿಯೊಂದೂ 0ಯಿಂದ 255ರ ವರೆಗಿನ 256 ಮೆಟ್ಟಿಲುಗಳಲ್ಲಿ ಒಂದು. ಎಷ್ಟು ಪಿಕ್ಸೆಲ್ಲುಗಳು ಯಾವ ಮೆಟ್ಟಿಲಿನಲ್ಲಿವೆ ಎಂಬುದನ್ನು ತೋರಿಸುವ ಹಿಸ್ಟೋಗ್ರಾಮ್ ಎಂಬ ನಕ್ಷೆಯು ಚಿತ್ರ ತಿದ್ದುವ ಎಲ್ಲ ಒಳ್ಳೆಯ ತಂತ್ರಾಂಶಗಳಲ್ಲಿಯೂ ಇರುತ್ತದೆ. ನಕ್ಷೆಯ ಬಲತುದಿಯಲ್ಲಿ ಗೋಡೆಗೆ ಒರಗಿದಂತೆ ಒಂದು ಕಂಬ ನಿಂತಿದ್ದರೆ, ಬೆಳಕಿನ ಭಾಗಗಳು 255ನ್ನು ಮುಟ್ಟಿ ಅಲ್ಲಿಯೇ ಸಿಕ್ಕಿಕೊಂಡಿವೆಯೆಂದು ಅರ್ಥ. ಸಾವಿರ ಗುಳ್ಳೆಗಳಿದ್ದ ನೊರೆಯಲ್ಲಿ ಒಂದೊಂದು ಗುಳ್ಳೆಯ ಅಂಚಿಗೂ ಮೊದಲು ಬೇರೆಬೇರೆ ಅಂಕಿಗಳಿದ್ದವು. ಈಗ ಎಲ್ಲವೂ 255. ಗುಳ್ಳೆಗಳು ಮಾಯವಾಗಿ ಸುಣ್ಣ ಬಳಿದ ಗೋಡೆಯೊಂದು ಉಳಿದಿದೆ. ಹಾಗೆ ತಿದ್ದಿದ ಕಡತವನ್ನೇ ಮೂಲದ ಮೇಲೆ ಉಳಿಸಿಬಿಟ್ಟರೆ ಕಳೆದುಹೋದ ಅಂಕಿಗಳನ್ನು ಮರಳಿ ಪಡೆಯುವ ಉಪಾಯವಿಲ್ಲ. ಕ್ಯಾಮರಾದ ಹಸಿ ಕಡತವನ್ನು, ಎಂದರೆ 'ರಾ' ಕಡತವನ್ನು, ಇಟ್ಟುಕೊಂಡವನ ಸ್ಥಿತಿ ಉತ್ತಮ. ಅದರಲ್ಲಿ ಸಾಮಾನ್ಯವಾಗಿ 12 ಅಥವಾ 14 ಬಿಟ್ಟುಗಳ, ಎಂದರೆ 4096 ಅಥವಾ 16384 ಮೆಟ್ಟಿಲುಗಳ ಅವಕಾಶವಿರುತ್ತದೆ. ಚಿತ್ರ ತೆಗೆದ ಕ್ಷಣದಲ್ಲಿಯೇ ಸಂವೇದಕವು ಬೆಳಕಿನಿಂದ ತುಂಬಿ ತುಳುಕಿದ್ದರೆ ಮಾತ್ರ ಅದರಿಂದಲೂ ಫಲವಿಲ್ಲ.

ಅಂಚುಗಳನ್ನು ಹರಿತಗೊಳಿಸುವ ಸಲಕರಣೆಯ ಮಾತು ಇನ್ನೂ ಸ್ವಾರಸ್ಯವಾದದ್ದು. ಕಪ್ಪೂ ಬಿಳುಪೂ ಕೂಡುವೆಡೆಯಲ್ಲಿ ಕಪ್ಪಿನ ಅಂಚನ್ನು ಮತ್ತಷ್ಟು ಕಪ್ಪಾಗಿಯೂ ಬಿಳುಪಿನ ಅಂಚನ್ನು ಮತ್ತಷ್ಟು ಬೆಳ್ಳಗಾಗಿಯೂ ಮಾಡುವುದೇ ಅದರ ಕೆಲಸ. ಆದರೆ ಈ ಕೆಲಸವನ್ನು ನಮ್ಮ ಕಣ್ಣು ತಾನೇ ಮಾಡುತ್ತಿರುತ್ತದೆ! 1865ರಲ್ಲಿ ಅರ್ನ್‌ಸ್ಟ್ ಮಾಖ್ ಎಂಬ ವಿಜ್ಞಾನಿಯು, ಬೆಳಕು ಕ್ರಮವಾಗಿ ಏರಿ ನಿಲ್ಲುವ ಎಡೆಯಲ್ಲಿ ವಾಸ್ತವವಾಗಿ ಇಲ್ಲದ ಪಟ್ಟೆಗಳು ಕಣ್ಣಿಗೆ ಕಾಣುವುದನ್ನು ವಿವರಿಸಿದನು. ಮುಂದೆ ಹಾರ್ಟ್‌ಲೈನ್ ಎಂಬಾತನು ಲಿಮ್ಯುಲಸ್ ಎಂಬ ಕಡಲಜೀವಿಯ ಕಣ್ಣನ್ನು ಪರೀಕ್ಷಿಸಿ, ಬೆಳಕು ಬಿದ್ದ ಒಂದು ಗ್ರಾಹಕಘಟಕವು ತನ್ನ ನೆರೆಯ ಘಟಕಗಳನ್ನು ಅದುಮಿಹಿಡಿಯುವುದೆಂದು ತೋರಿಸಿದನು. 1967ರ ನೊಬೆಲ್ ಬಹುಮಾನದಲ್ಲಿ ಅವನಿಗೂ ಪಾಲು ದೊರೆಯಿತು. ಕಣ್ಣು ಹರಿತಗೊಳಿಸುವ ಅಂಚನ್ನು ತಂತ್ರಾಂಶವೂ ಅತಿಯಾಗಿ ಹರಿತಗೊಳಿಸಿದಾಗ ಮರದ ಕೊಂಬೆಗಳ ಸುತ್ತ, ಕಟ್ಟಡದ ಅಂಚಿನ ಸುತ್ತ ಬಿಳಿಯ ಗೆರೆಯೊಂದು ಪ್ರಭಾವಳಿಯಂತೆ ಏಳುತ್ತದೆ. "ಕೃತಕವಾಗಿದೆ" ಎಂದ ಗೆಳೆಯನ ಕಣ್ಣಿಗೆ ಬಿದ್ದದ್ದು ಬಹುಶಃ ಇದೇ. ಅದನ್ನು ಹೆಸರಿಸಲು ಅವನಿಗೆ ಬರಲಿಲ್ಲ, ಅಷ್ಟೆ.

ಹೆಸರಿಸುವುದೇ ವಿಮರ್ಶೆಯ ಮೊದಲ ಕೆಲಸ. ಮೊದಲು ಕಂಡದ್ದನ್ನು, ಅದು ಚಿತ್ರದ ಯಾವ ಮೂಲೆಯಲ್ಲಿದೆಯೆಂಬುದರ ಸಮೇತ ಹೇಳಬೇಕು. ಕಾರಣವೇನಿರಬಹುದೆಂಬ ಊಹೆ ಆಮೇಲಿನದು. ನೆರೆಮನೆಯ ಅಕ್ಕ, ವಿಜಯನಗರದ ಕಾಲೇಜಿನಲ್ಲಿ ಓದುವವಳು, ಈ ಚಿತ್ರವನ್ನು ನೋಡಿ, "ಎಡಗಡೆಯ ನೊರೆಯಲ್ಲಿ ಗುಳ್ಳೆಗಳೇ ಕಾಣುವುದಿಲ್ಲವಲ್ಲಪ್ಪ, ಮೊದಲಿನ ಚಿತ್ರದಲ್ಲಿಯೂ ಹೀಗೆಯೇ ಇತ್ತೇ?" ಎಂದು ಕೇಳಿದಳೆನ್ನಿ. ಈ ಪ್ರಶ್ನೆಯಲ್ಲಿ ನಿಂದೆಯಿಲ್ಲ, ಹೊಗಳಿಕೆಯೂ ಇಲ್ಲ. ಆದರೆ ಹುಡುಗನು ಕೂಡಲೇ ಮೂಲ ಕಡತವನ್ನು ತೆರೆದು ನೋಡದೆ ಇರಲಾರ. "ಆಕಾಶದ ನೀಲಿ ನನಗೆ ಹಿಡಿಸಲಿಲ್ಲ" ಎಂಬುದು ಬೇರೆಯ ಜಾತಿಯ ಮಾತು. ಅದು ಆಕೆಯ ಅಭಿರುಚಿ. ಹೇಳಬಾರದೆಂದಲ್ಲ, ಅಭಿರುಚಿಯೆಂದೇ ಹೇಳಬೇಕು. ಇವೆರಡನ್ನೂ ಕಲಸಿ ಹೇಳುವುದರಿಂದಲೇ ಅರ್ಧ ಜಗಳಗಳು ಹುಟ್ಟುತ್ತವೆ. ಗಂಡಸರಲ್ಲಿ ನೂರಕ್ಕೆ ಕೆಲವರಿಗಾದರೂ ಕೆಂಪು ಹಸಿರುಗಳ ಭೇದ ಸರಿಯಾಗಿ ಕಾಣುವುದಿಲ್ಲವೆಂಬುದನ್ನೂ ಇಲ್ಲಿ ನೆನಪಿಡುವುದು ಲೇಸು.

ವಿಮರ್ಶೆಯನ್ನು ಕೇಳುವವನ ಕಷ್ಟ ಇನ್ನೂ ಹೆಚ್ಚಿನದು. ಚಿತ್ರವನ್ನು ಮುಂದಿಟ್ಟೊಡನೆಯೇ ಅದರ ಕಥೆಯನ್ನೆಲ್ಲ ಹೇಳಿಬಿಟ್ಟರೆ ನೋಡುವವರು ಕಥೆಯನ್ನು ನೋಡುತ್ತಾರೆಯೇ ಹೊರತು ಚಿತ್ರವನ್ನಲ್ಲ. ಆದುದರಿಂದ ಮೊದಲ ಕೆಲವು ನಿಮಿಷ ಬಾಯಿ ಮುಚ್ಚಿಕೊಂಡಿರುವುದು ಒಳ್ಳೆಯದು. ಇನ್ನು ನೋಡುವ ಪರದೆಯ ವಿಚಾರ: ರಾತ್ರಿ ದೀಪವಾರಿಸಿ, ಪರದೆಯ ಬೆಳಕನ್ನು ಪೂರ್ತಿ ಏರಿಸಿಕೊಂಡು ತಿದ್ದಿದವನು ಚಿತ್ರವನ್ನು ತನಗೆ ತಿಳಿಯದೆಯೇ ಕಪ್ಪಾಗಿಸಿರುತ್ತಾನೆ, ಕಾಗದದ ಮೇಲೆ ಅಚ್ಚಾದಾಗ ಅದು ಮಸಿಯಂತಿರುತ್ತದೆ. ಕಣ್ಣಿಗೆ ಹಿತವೆಂದು ಹಳದಿಯ ಬೆಳಕಿಗೆ ತಿರುಗಿಸಿದ ಫೋನಿನಲ್ಲಿ ನೋಡಿದವನು "ಬಣ್ಣ ಬೆಚ್ಚಗಾಗಿದೆ" ಎನ್ನುತ್ತಾನೆ. ಇಬ್ಬರೂ ಒಂದೇ ಪರದೆಯಲ್ಲಿ, ಇಲ್ಲವೆ ಒಂದೇ ಮುದ್ರಿತ ಪ್ರತಿಯನ್ನು ಹಗಲಿನ ಬೆಳಕಿನಲ್ಲಿ ನೋಡಿದ ಹೊರತು ಅವರ ಚರ್ಚೆ ಎರಡು ಬೇರೆ ಚಿತ್ರಗಳ ಚರ್ಚೆಯಾಗುತ್ತದೆ.

ತಿದ್ದುವುದೇ ಅಪರಾಧವೆಂದು ಹೇಳುವವರಿದ್ದಾರೆ. ಅವರು ಕತ್ತಲೆಕೋಣೆಯ ಇತಿಹಾಸವನ್ನು ಮರೆತವರು. ಬೆಂಗಳೂರಿನ ಸಿ. ರಾಜಗೋಪಾಲ್, ಟಿ. ಎನ್. ಎ. ಪೆರುಮಾಳ್ ಮೊದಲಾದ ಹಿರಿಯರು ಬೆಳೆದದ್ದು ಫಿಲ್ಮಿನ ಯುಗದಲ್ಲಿ. ಆ ಕಾಲದಲ್ಲಿ ಎನ್‌ಲಾರ್ಜರಿನ ಬೆಳಕಿಗೆ ಅಡ್ಡವಾಗಿ ಅಂಗೈಯನ್ನೋ ರಟ್ಟಿನ ಚೂರನ್ನೋ ಆಡಿಸಿ, ಮುದ್ರಣದ ಒಂದು ಭಾಗವನ್ನು ತಿಳಿಯಾಗಿಸುವುದೂ, ಇನ್ನೊಂದು ಭಾಗಕ್ಕೆ ಹೆಚ್ಚು ಬೆಳಕು ಕೊಟ್ಟು ಗಾಢವಾಗಿಸುವುದೂ ಕುಶಲಿಯ ಲಕ್ಷಣವಾಗಿದ್ದಿತು. ಇಂದಿನ ತಂತ್ರಾಂಶಗಳಲ್ಲಿರುವ ಡಾಡ್ಜ್, ಬರ್ನ್ ಎಂಬ ಹೆಸರುಗಳು ಅಲ್ಲಿಂದಲೇ ಬಂದವು. ಬೆಂಗಳೂರಿನಲ್ಲಿ 1971ರಲ್ಲಿ ಸ್ಥಾಪನೆಯಾದ ಯೂತ್ ಫೋಟೊಗ್ರಾಫಿಕ್ ಸೊಸೈಟಿಯಂತಹ ಸಂಘಗಳು ಫಿಲ್ಮಿನ ಕಾಲದಿಂದ ಡಿಜಿಟಲ್ ಕಾಲಕ್ಕೆ ನಡೆದುಬಂದಿವೆ. ಬದಲಾಗಿರುವುದು ತಿದ್ದುವ ಸೌಲಭ್ಯವೇ ಹೊರತು ತಿದ್ದುವ ಆಸೆಯಲ್ಲ.

ಎಲ್ಲಿಯವರೆಗೆ ತಿದ್ದಬಹುದೆಂಬುದು ಚಿತ್ರವು ಏನೆಂದು ಹೇಳಿಕೊಳ್ಳುತ್ತದೆಯೋ ಅದನ್ನು ಅವಲಂಬಿಸಿದೆ. ಅಂತರರಾಷ್ಟ್ರೀಯ ಒಕ್ಕೂಟವಾದ ಫಿಯಾಪ್, ಅಮೆರಿಕದ ಪಿ.ಎಸ್.ಎ., ಇಂಗ್ಲೆಂಡಿನ ರಾಯಲ್ ಫೋಟೊಗ್ರಾಫಿಕ್ ಸೊಸೈಟಿ ಈ ಮೂರೂ ಸೇರಿ 2014ರಲ್ಲಿ ಒಪ್ಪಿಕೊಂಡ ವ್ಯಾಖ್ಯೆಯಂತೆ, ನಿಸರ್ಗ ವಿಭಾಗದ ಚಿತ್ರದಲ್ಲಿ ಅಂಚನ್ನು ಕತ್ತರಿಸಬಹುದು, ಸಂವೇದಕದ ಧೂಳಿನ ಚುಕ್ಕೆಯನ್ನು ಒರೆಸಬಹುದು. ಆದರೆ ಹಕ್ಕಿಯ ಮುಂದಿನ ಕಡ್ಡಿಯೊಂದನ್ನು ಅಳಿಸುವಂತಿಲ್ಲ, ಇಲ್ಲದ ಎಲೆಯೊಂದನ್ನು ಸೇರಿಸುವಂತಿಲ್ಲ. ಕಲ್ಪನೆಯ ಚಿತ್ರಕ್ಕೆ ಈ ಕಟ್ಟು ಇಲ್ಲ. ಸುದ್ದಿಯ ಚಿತ್ರಕ್ಕಂತೂ ಕಟ್ಟು ಬಿಗಿಯಾದದ್ದು. 2006ರ ಆಗಸ್ಟಿನಲ್ಲಿ ಲೆಬನಾನಿನ ಯುದ್ಧದ ವೇಳೆ ಬೈರೂತಿನ ಒಂದು ಚಿತ್ರದಲ್ಲಿ ಹೊಗೆಯ ಸುರುಳಿಗಳನ್ನು ನಕಲಿಸಿ ಹೊಗೆಯನ್ನು ಹೆಚ್ಚಿಸಲಾಗಿತ್ತು. ಒಂದೇ ಸುರುಳಿ ಮತ್ತೆಮತ್ತೆ ಬಂದಿರುವುದನ್ನು ನೋಡುಗರು ಎತ್ತಿ ತೋರಿಸಿದರು. ರಾಯಿಟರ್ಸ್ ಸಂಸ್ಥೆಯು ಆ ಚಿತ್ರವನ್ನಷ್ಟೇ ಅಲ್ಲದೆ, ಆ ಛಾಯಾಗ್ರಾಹಕನ ಉಳಿದ ಚಿತ್ರಗಳನ್ನೂ ತನ್ನ ಸಂಗ್ರಹದಿಂದ ತೆಗೆದುಹಾಕಿತು. ಅಲ್ಲಿ ಹೊಗೆಯೇನೋ ನಿಜವಾಗಿಯೂ ಇದ್ದಿತು!

ನಮ್ಮ ನದಿಯ ನೊರೆಯೂ ನಿಜವಾದದ್ದೇ. ಪ್ರದರ್ಶನದ ಚಿತ್ರವು ಮಾಲಿನ್ಯಕ್ಕೆ ಸಾಕ್ಷಿಯಾಗಿ ನಿಲ್ಲಬೇಕಾದರೆ, ನೊರೆಯ ರಾಶಿಯನ್ನು ನಕಲು ಮಾಡಿ ಬೆಳೆಸುವುದಿರಲಿ, ನೀರನ್ನು ಇದ್ದದ್ದಕ್ಕಿಂತ ಕಪ್ಪಾಗಿಸಿದರೂ ಯಾರಾದರೊಬ್ಬರು ನದಿಯ ದಡದಲ್ಲಿ ನಿಂತು "ನೀರು ಇಷ್ಟು ಕಪ್ಪಾಗಿಲ್ಲ" ಎಂದಾರು. ಆ ಬಳಿಕ ನೊರೆಯ ಮಾತನ್ನೂ ಯಾರೂ ಕೇಳರು. ಹಾಗೆಂದು "ನಾನು ಏನನ್ನೂ ತಿದ್ದಿಲ್ಲ" ಎಂದು ಹೇಳಿಕೊಳ್ಳುವುದೂ ಸುಲಭವಲ್ಲ. ಇಂದಿನ ಫೋನುಗಳು ಗುಂಡಿಯನ್ನು ಒತ್ತಿದಾಗ ಅನೇಕ ವೇಳೆ ಹಲವು ಚಿತ್ರಗಳನ್ನು ಒಟ್ಟಿಗೆ ತೆಗೆದು, ಕೂಡಿಸಿ, ಅಂಚನ್ನು ಹರಿತಗೊಳಿಸಿ, ಬಣ್ಣವನ್ನು ಏರಿಸಿಯೇ ಕೈಗೆ ಕೊಡುತ್ತವೆ. ಆದಕಾರಣ ಚಿತ್ರದ ಕೆಳಗೆ ಸ್ಥಳ, ದಿನ, ಹೊತ್ತುಗಳ ಜೊತೆಗೆ, ಯಾವ ಫೋನಿನಲ್ಲಿ ತೆಗೆದದ್ದು, ಆಮೇಲೆ ಏನೇನನ್ನು ಬದಲಿಸಿದ್ದು ಎಂಬುದನ್ನು ಎರಡು ಸಾಲಿನಲ್ಲಿ ಬರೆಯುವುದೂ, ಕೇಳಿದವರಿಗೆ ತೋರಿಸಲು ಮೂಲ ಕಡತವನ್ನು ಬೇರೆಯಾಗಿ ಇಟ್ಟಿರುವುದೂ ಉಚಿತ.